ಪುಂಡಿ ನಾರಿನ ಗಂಟು

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ರಸ್ತೆಯೇ ಇರಲಿಲ್ಲ, ಸುತ್ತಲೂ ಹೊಳೆ ಇತ್ತು. ದೇವದುರ್ಗದ ಸೀಮೆಯಲ್ಲಿ ಕೃಷ್ಣೆ ಒಂದು ಕಡೆ ಎರಡಾಗಿ ಕವಲೊಡೆದು, ಸ್ವಲ್ಪ ದೂರ ಹರಿದು ಮತ್ತೆ ಕೂಡಿಕೊಳ್ಳುತ್ತಾಳೆ. ನಡುವೆ ಉಳಿದ ನೆಲವೇ ನಮ್ಮ ಗಡ್ಡೆ. ಅದರ ಮೇಲೆ ಆರು ಮನೆ, ಒಂದು ದೊಡ್ಡ ಹುಣಸೆಮರ, ಒಂದಷ್ಟು ಜಾಲಿ, ಮನುಷ್ಯರಿಗಿಂತ ಹೆಚ್ಚು ಆಡುಗಳು. ಆಗ ನಿಜಾಮರ ಆಳ್ವಿಕೆ. ಎಲ್ಲೋ ದೊಡ್ಡ ಯುದ್ಧ ನಡೆದಿದೆ ಎಂದು ಆಚೆ ದಡದಿಂದ ಸುದ್ದಿ ಬರುತ್ತಿತ್ತು. ನಮಗೆ ಆ ಯುದ್ಧ ಗೊತ್ತಾಗಿದ್ದು ಚಿಮಣಿ ಎಣ್ಣೆ ಸಿಗದೆ ಹೋದಾಗ ಮಾತ್ರ.

ಬೇಸಿಗೆಯಲ್ಲಿ ಹೊಳೆ ಸಣ್ಣಗಾಗಿ ಬಿಳಿ ಮರಳು ಹರಡಿಕೊಳ್ಳುತ್ತಿತ್ತು. ಆ ಮರಳಿನಲ್ಲಿ ಗುಣಿ ತೋಡಿ, ಆಡಿನ ಗೊಬ್ಬರ ಹಾಕಿ, ಅಪ್ಪ ಸೌತೆ, ಕಲ್ಲಂಗಡಿ ಬೆಳೆಯುತ್ತಿದ್ದ. ಮುಂಜಾನೆ ಬಳ್ಳಿಯಿಂದ ಕಿತ್ತ ಸೌತೆಕಾಯಿ ಮುರಿದರೆ ಅದರ ಘಮ ಮೂಗಿಗೆ ತಣ್ಣಗೆ ಬಡಿಯುತ್ತಿತ್ತು. ಅವ್ವ ಬಡಿದ ಜೋಳದ ರೊಟ್ಟಿ, ಪುಂಡಿ ಪಲ್ಯ, ಕೆಂಡದ ಮೇಲೆ ಸುಟ್ಟ ಮೀನು ನಮ್ಮ ಊಟ. ನಿಮ್ಮ ಹಾಗೆ ತಟ್ಟೆಯಲ್ಲಿ ಬಿಟ್ಟು ಏಳುವ ರೂಢಿ ನಮಗಿರಲಿಲ್ಲ ನೋಡಿ ಮಕ್ಕಳೇ. ಬಿಟ್ಟಿದ್ದನ್ನು ಎತ್ತಲು ನಾಯಿ ಹಿಂದೆಯೇ ನಿಂತಿರುತ್ತಿತ್ತು.

ಈ ನಾಯಿಗಳ ವಿಷಯ ಮೊದಲು ಹೇಳಿಬಿಡಬೇಕು. ಆಚೆ ದಡಕ್ಕೆ ಹೋಗಲು ನಮಗಿದ್ದದ್ದು ಹರಿಗೋಲು. ಈಗಿನ ಹರಿಗೋಲಿಗೆ ಪ್ಲಾಸ್ಟಿಕ್ ಹೊದಿಸಿ ಡಾಂಬರು ಬಳಿಯುತ್ತಾರೆ. ಆಗ ಬಿದಿರಿನ ದೊಡ್ಡ ಬುಟ್ಟಿ ಹೆಣೆದು, ಅದರ ಹೊರಮೈಗೆ ಎತ್ತಿನ ತೊಗಲು ಹೊಲಿದು, ಮೇಲೆ ಎಣ್ಣೆ ಸವರುತ್ತಿದ್ದರು. ಒದ್ದೆ ತೊಗಲಿನ ವಾಸನೆ ನಾಯಿಗಳಿಗೆ ಹಬ್ಬದೂಟದ ವಾಸನೆ. ಹರಿಗೋಲನ್ನು ನೆಲದ ಮೇಲೆ ಬಿಟ್ಟು ಆಚೆ ಈಚೆ ನೋಡುವುದರೊಳಗೆ ಕಚ್ಚಿ ಹರಿದು ಹಾಕುತ್ತಿದ್ದವು. ಅದಕ್ಕೆ ದಡಕ್ಕೆ ಬಂದ ಕೂಡಲೇ ಹರಿಗೋಲನ್ನು ಹೊತ್ತು ತಂದು, ಹುಣಸೆಮರದ ಟೊಂಗೆಯ ಮೇಲಿಂದ ಹಗ್ಗ ಹಾಯಿಸಿ, ಆಳೆತ್ತರಕ್ಕೆ ಎಳೆದು ತೂಗುಹಾಕುತ್ತಿದ್ದರು. ಹಗ್ಗದ ತುದಿಯನ್ನು ಮರದ ಬುಡಕ್ಕೆ ಸುತ್ತಿ ಗಂಟು ಬಿಗಿಯಬೇಕು.

ಹಗ್ಗ ಪುಂಡಿ ನಾರಿನದು, ಅಪ್ಪನೇ ಹೊಸೆದದ್ದು. ಗಂಟು ಹಾಕುವುದನ್ನು ಅಪ್ಪ ಅಕ್ಕನಿಗೆ ಕಲಿಸಿದ್ದ. ನಾನು ಪಕ್ಕದಲ್ಲಿ ಕೂತು ಕಲಿತಿದ್ದೆ.

"ಗಂಟು ಹಾಕಿದ ಮ್ಯಾಲ ಎರಡು ಸಲ ಜಗ್ಗಿ ನೋಡಬೇಕು," ಅನ್ನುತ್ತಿದ್ದ ಅಪ್ಪ. "ಒಂದು ಸಲ ನಿನ್ನ ಸಲುವಾಗಿ, ಒಂದು ಸಲ ಹೊಳಿ ಸಲುವಾಗಿ."

ಅಕ್ಕನಿಗೆ ಆಗ ಹದಿಮೂರು, ನನಗೆ ಎಂಟು. ಅವಳು ತೆಳ್ಳಗೆ, ಕಪ್ಪಗೆ, ಒಂದು ಕಡೆ ನಿಲ್ಲದವಳು. ಅವ್ವನಿಗೆ ಆಡು ಕಾಯುವುದರಲ್ಲೇ ದಿನ ಕಳೆಯುತ್ತಿದ್ದರಿಂದ ನನ್ನನ್ನು ಸಾಕಿದ್ದೇ ಅಕ್ಕ ಎನ್ನಬೇಕು. ಈಸು ಕಲಿಸಿದವಳು ಅವಳು, ತಲೆಯ ಹೇನು ತೆಗೆದವಳು ಅವಳು, ಮುಳ್ಳು ಚುಚ್ಚಿದರೆ ಎಂಜಲು ಹಚ್ಚಿ ಕಿತ್ತವಳು ಅವಳು. ಮಲಗುವಾಗ ಅವಳ ಸೀರೆಯ ಸೆರಗು ನನ್ನ ಮುಷ್ಟಿಯಲ್ಲಿ ಇರಲೇಬೇಕಿತ್ತು. ನಗಬೇಡಿ, ನಿಮ್ಮಲ್ಲೂ ಎಷ್ಟು ಜನ ಹಳೇ ಹೊದಿಕೆ ಹಿಡಿದು ಮಲಗುತ್ತೀರೆಂದು ನನಗೆ ಗೊತ್ತು.

ಆಚೆ ದಡದ ಹಳ್ಳಿ ಒಬ್ಬ ಅಕ್ಕೋರ ತವರೂರು. ಅಕ್ಕೋರು ಅಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಂಗಸು. ಅವರು ರಾಯಚೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿದ್ದರು. ಬೇಸಿಗೆ ರಜೆಗೆ ತವರಿಗೆ ಬರುತ್ತಿದ್ದರು. ಸೌತೆಕಾಯಿ ಮಾರಲು ಹೋದ ಅಕ್ಕ ಅವರ ಕಟ್ಟೆಯ ಮೇಲೆ ಕೂತು, ಎರಡೇ ಬೇಸಿಗೆಯಲ್ಲಿ ಕನ್ನಡದ ಅಕ್ಷರ ಕಲಿತುಬಿಟ್ಟಳು. ಮರಳಿನ ಮೇಲೆ ಕಡ್ಡಿಯಿಂದ ಅಕ್ಷರ ಬರೆದು ನನಗೂ ತೋರಿಸುತ್ತಿದ್ದಳು. ಗಾಳಿ ಬೀಸಿದರೆ ಅವು ಅಳಿಸಿ ಹೋಗುತ್ತಿದ್ದವು, ಅವಳು ಬೇಸರವಿಲ್ಲದೆ ಮತ್ತೆ ಬರೆಯುತ್ತಿದ್ದಳು.

ಆ ವರ್ಷ ರಜೆ ಮುಗಿಯುವ ಮುಂಚೆ ಅಕ್ಕೋರು ಅಪ್ಪನನ್ನು ಕರೆಸಿಕೊಂಡರು. "ಹುಡುಗಿ ಶ್ಯಾಣ್ಯಾ ಅದಾಳ. ನನ್ನ ಸಂಗಾಟ ರಾಯಚೂರಿಗಿ ಕಳಸ್ರಿ. ನನ್ನ ಮನ್ಯಾಗ ಇರ್ತಾಳ, ನನ್ನ ಸಾಲ್ಯಾಗ ಓದ್ತಾಳ," ಎಂದರಂತೆ. ಗಡ್ಡೆಯ ಆರೂ ಮನೆಯವರು ಹುಣಸೆಮರದ ಕೆಳಗೆ ಕೂತು ಮಾತಾಡಿದರು. ಹೆಣ್ಣುಮಗಳು, ಅದೂ ನಮ್ಮಂಥ ಕೂಲಿ ಜನರ ಮಗಳು, ರಾಯಚೂರಿಗೆ ಹೋಗಿ ಓದುವುದೇ ಎಂದು ಬಾಯ ಮೇಲೆ ಕೈಯಿಟ್ಟುಕೊಂಡವರು ಬಹಳ. ಅಪ್ಪ ಮಾತ್ರ ಯಾರ ಮಾತಿಗೂ ಜಗ್ಗಲಿಲ್ಲ. ಸೋಮವಾರ ಮಧ್ಯಾಹ್ನವೇ ಅಕ್ಕನನ್ನು ದಾಟಿಸಿ ಅಕ್ಕೋರ ಮನೆಯಲ್ಲಿ ಬಿಡುವುದು, ಮಂಗಳವಾರ ಮುಂಜಾನೆ ಅವರಿಬ್ಬರೂ ಎತ್ತಿನ ಗಾಡಿಯಲ್ಲಿ ದೇವದುರ್ಗಕ್ಕೆ ಹೋಗಿ ರಾಯಚೂರಿನ ಬಸ್ಸು ಹಿಡಿಯುವುದು ಎಂದು ಗೊತ್ತಾಯಿತು.

ಅಂದಿನಿಂದ ಮನೆಯಲ್ಲಿ ಅಕ್ಕನದೇ ಮಾತು. ಅವ್ವ ಸೀರೆ ತೊಳೆದು ಮಡಿಚಿಟ್ಟಳು. ಅಪ್ಪ ಎಲ್ಲಿಂದಲೋ ತಗಡಿನ ಪೆಟ್ಟಿಗೆ ತಂದ. ನನ್ನನ್ನು ಯಾರೂ ಕೇಳಲಿಲ್ಲ. ಅಕ್ಕ ಹೋದರೆ ನಾನು ಯಾರ ಸೆರಗು ಹಿಡಿಯಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ನನ್ನ ಮುಖ ನೋಡಿ ಅಕ್ಕ ಕೆನ್ನೆ ಹಿಂಡಿ, "ಯಾಕೋ ಮಾರಿ ಇಳಿಬಿಟ್ಟಿ? ದೀಪಾವಳಿಗಿ ಬರ್ತೀನಿ. ನಿನಗ ಪಾಟಿ, ಬಳಪ ತರ್ತೀನಿ," ಎಂದಳು. ಅವಳ ಕಣ್ಣಲ್ಲಿ ಅಷ್ಟು ಖುಷಿ ಇದ್ದದ್ದು ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು. ನನ್ನನ್ನು ಬಿಟ್ಟು ಹೋಗಲು ಇಷ್ಟು ಖುಷಿಯೇ ಅಂತ.

ಭಾನುವಾರ ಮಧ್ಯಾಹ್ನ ಅಪ್ಪ, ಅಕ್ಕ ಆಚೆ ದಡದಿಂದ ಬಂದರು. ಅಕ್ಕನೇ ಹರಿಗೋಲು ತೂಗುಹಾಕಿದಳು. ಗಂಟು ಬಿಗಿದಳು. ಒಂದು ಸಲ ಜಗ್ಗಿದಳು, ಎರಡನೇ ಸಲ ಜಗ್ಗಿದಳು. ನಾನು ಜಾಲಿ ಗಿಡದ ಹಿಂದೆ ಕೂತು ಕಣ್ಣಾರೆ ನೋಡಿದ್ದೇನೆ. ಈ ಮಾತನ್ನು ನೀವು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

ಊಟವಾದ ಮೇಲೆ ದೊಡ್ಡವರೆಲ್ಲ ನೆರಳು ಹಿಡಿದು ಅಡ್ಡಾದರು. ಬಿಸಿಲಿಗೆ ಮರಳು ಕಾದು ಕಾಲಿಡಲಾಗುತ್ತಿರಲಿಲ್ಲ. ನಾನು ಹಿಮ್ಮಡಿಯ ಮೇಲೆ ಕುಣಿಯುತ್ತ ಹುಣಸೆಮರದ ಬುಡಕ್ಕೆ ಹೋದೆ. ನನ್ನ ಯೋಚನೆ ಬಹಳ ಸರಳವಾಗಿತ್ತು. ನಾಯಿ ತೊಗಲು ಕಚ್ಚುತ್ತದೆ, ಅಪ್ಪ ಹೊಲಿಯಲು ಎರಡು ಮೂರು ದಿನ ಹಿಡಿಯುತ್ತದೆ, ಮಂಗಳವಾರ ಕಳೆದುಹೋಗುತ್ತದೆ, ಅಕ್ಕೋರು ಒಬ್ಬರೇ ಹೋಗುತ್ತಾರೆ, ಅಕ್ಕ ಇಲ್ಲೇ ಇರುತ್ತಾಳೆ. ಎಂಟು ವರ್ಷದವನ ತಲೆಗೆ ಅದರಾಚೆ ಏನೂ ಕಾಣಲಿಲ್ಲ.

ಗಂಟು ಬಿಚ್ಚಲೇ ಒಲ್ಲದು. ಉಗುರು ಹಾಕಿದೆ, ಕಡ್ಡಿ ತೂರಿಸಿದೆ, ಕೊನೆಗೆ ಹಲ್ಲಿನಲ್ಲಿ ಕಚ್ಚಿ ಎಳೆದೆ. ಪುಂಡಿ ನಾರಿನ ಒಗರು ಬಾಯಿ ತುಂಬ ಹರಡಿತು. ಹೊಳೆ ನೀರು, ಎಣ್ಣೆ, ಅಕ್ಕನ ಕೈಯ ಬೆವರು ಎಲ್ಲ ಸೇರಿದ ರುಚಿ ಅದು. ಇವತ್ತಿಗೂ ಪುಂಡಿ ಸೊಪ್ಪು ಕಂಡರೆ ನನಗೆ ಆ ರುಚಿಯೇ ನೆನಪಾಗುತ್ತದೆ. ಗಂಟು ಸಡಿಲಾದದ್ದೇ ತಡ, ಹರಿಗೋಲಿನ ಭಾರಕ್ಕೆ ಹಗ್ಗ ಸರ್ರನೆ ಓಡಿ ನನ್ನ ಬಲ ಅಂಗೈಯ ಚರ್ಮ ಸುಲಿದುಕೊಂಡು ಹೋಯಿತು. ಹರಿಗೋಲು ಧಪ್ಪೆಂದು ಕೆಳಗೆ ಬಿತ್ತು. ಮನೆಯ ಕಡೆ ಯಾರೂ ಮಗ್ಗುಲು ಬದಲಿಸಲಿಲ್ಲ. ನಮ್ಮ ಕರಿ ನಾಯಿ ಮಾತ್ರ ಎದ್ದು, ಮೈ ಮುರಿದು, ಬಾಲ ಆಡಿಸುತ್ತ ಬಂತು. ನಾನು ಓಡಿಹೋಗಿ ಆಡುಗಳ ನಡುವೆ ಕೂತೆ.

ಹೊತ್ತು ಇಳಿಯುವಾಗ ಅವ್ವನ ಕೂಗು ಕೇಳಿತು. ಹೋಗಿ ನೋಡಿದರೆ ನಾಲ್ಕು ನಾಯಿಗಳು ಸೇರಿ ತೊಗಲನ್ನು ಬುಡದಿಂದ ಅಂಚಿನವರೆಗೆ ಹರಿದು ಹಾಕಿದ್ದವು. ನಾನು ಅಂದುಕೊಂಡಿದ್ದು ಒಂದು ತೂತು, ಆಗಿದ್ದು ಇದು. ಅಪ್ಪ ಕೋಲು ತೆಗೆದುಕೊಂಡು ಕರಿ ನಾಯಿಗೆ ಬಾರಿಸಿದ. ಅದು ಕುಂಯ್ ಎನ್ನುತ್ತ ಬಂದು ನನ್ನ ಕಾಲ ಹಿಂದೆಯೇ ಅಡಗಿತು. ಆಮೇಲೆ ಅಪ್ಪ ಅಕ್ಕನ ಕಡೆ ತಿರುಗಿದ.

"ಹೋಗೂ ಸಡಗರದಾಗ ಗಂಟು ಮರ್ತೇನು?"

"ಇಲ್ಲ ಯಪ್ಪಾ, ಹಾಕೀನಿ. ಎರಡು ಸಲ ಜಗ್ಗೀನಿ."

"ಜಗ್ಗಿದ್ರ ಇದು ಹ್ಯಾಂಗ ಬಿಚ್ಚತೈತಿ?"

ಅಕ್ಕ ಹಗ್ಗದ ತುದಿಯನ್ನು ಕೈಗೆತ್ತಿಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. "ಜಗ್ಗಿದ್ನಲ್ಲಾ..." ಎಂದಳು. ಆಮೇಲೆ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡು, ಮೆಲ್ಲಗೆ, "ಒಂದೇ ಸಲ ಜಗ್ಗಿದೆನೋ ಏನೋ," ಎಂದಳು. ಆ ಮಾತು ಕೇಳಿದಾಗ ನನಗೆ ಅಳು ಬಂತು. ಆದರೂ ಬಾಯಿ ಬಿಡಲಿಲ್ಲ. ಅಪ್ಪನ ಕೈಯಲ್ಲಿ ಕೋಲು ಇನ್ನೂ ಇತ್ತು.

ಊಟಕ್ಕೆ ಕೂತಾಗ ರೊಟ್ಟಿ ಮುರಿಯಲು ಆಗದೆ ನಾನು ಒದ್ದಾಡುವುದನ್ನು ಅಕ್ಕ ನೋಡಿದಳು. ಕೈ ಬಿಡಿಸಿದಳು. "ಏನೋ ಇದು?" ಎಂದಳು. ಜಾಲಿ ಗಿಡದಿಂದ ಜಾರಿದೆ ಎಂದೆ. ಅವಳು ಒಂದು ಮಾತೂ ಹೆಚ್ಚಿಗೆ ಕೇಳದೆ ಅರಿಸಿನ ಎಣ್ಣೆ ಕಲಸಿ ಹಚ್ಚಿ, ಬಟ್ಟೆ ಸುತ್ತಿ, ತುತ್ತು ಮಾಡಿ ಬಾಯಿಗಿಟ್ಟಳು. ಅವಳ ಶಾಲೆ ಕಳೆದ ಕೈಗೆ ಅವಳೇ ಎಣ್ಣೆ ಹಚ್ಚಿದಳು. ನನ್ನಷ್ಟು ಹೇಡಿ ಆ ಗಡ್ಡೆಯ ಮೇಲೆ ಇನ್ನೊಬ್ಬ ಇರಲಿಲ್ಲ.

ಗಡ್ಡೆಯಲ್ಲಿ ಇನ್ನೊಂದು ಹರಿಗೋಲು ಇತ್ತು ನಿಜ. ಮಳೆಗಾಲಕ್ಕೆ ಮುಂಚೆ ಹೊಸ ತೊಗಲು ಹೊಲಿಯಬೇಕೆಂದು ಅದರ ಹಳೇ ತೊಗಲನ್ನು ಆಗಲೇ ಬಿಚ್ಚಿದ್ದರು. ಬರೀ ಬುಟ್ಟಿ ಉಳಿದಿತ್ತು. ತೊಗಲು ಬೇಕೆಂದರೆ ಆಚೆ ದಡಕ್ಕೇ ಹೋಗಬೇಕು. ಸೋಮವಾರ ನಸುಕಿನಲ್ಲಿ ಅಪ್ಪ ಎರಡು ಒಣ ಸೋರೆ ಬುರುಡೆಗಳನ್ನು ಎದೆಗೆ ಕಟ್ಟಿಕೊಂಡು ಈಸಲು ಹೊರಟ.

"ನಾನೂ ಈಸಿ ಬರ್ತೀನಿ ಯಪ್ಪಾ, ಆಚೀಗಿ ಬಿಟ್ಟು ಬಾ," ಎಂದಳು ಅಕ್ಕ. ಅವಳು ನನಗಿಂತಲೂ ಅಪ್ಪನಿಗಿಂತಲೂ ಚೆನ್ನಾಗಿ ಈಸುತ್ತಿದ್ದಳು.

"ಹಸಿ ಸೀರ್‍ಯಾಗ ಹೋಗಿ ಅಕ್ಕೋರ ಮುಂದ ನಿಂದ್ರತೀ ಏನು? ಪೆಟಿಗಿ ಯಾರು ತರಬೇಕು? ಇನ್ನೂ ಒಂದು ದಿನ ಅದ ತಡಿ. ಗಾಡಿ ದಂಡಿಗೇ ತರ್ರಿ ಅಂತ ಅಕ್ಕೋರಿಗಿ ಹೇಳಿ ಬರ್ತೀನಿ. ನಾಳಿ ಹೊತ್ತು ಮೂಡೂದ್ರಾಗ ದಾಟಸ್ತೀನಿ."

ಅಪ್ಪ ಮಧ್ಯಾಹ್ನಕ್ಕೆ ತೊಗಲು ತಂದ. ಅದನ್ನು ನೆನೆಸಿ, ಬುಟ್ಟಿಗೆ ಎಳೆದು ಬಿಗಿದು, ಎಲ್ಲರೂ ಸುತ್ತ ಕೂತು ಹೊಲಿದರು. ಅಕ್ಕ ದಬ್ಬಣ ಹಿಡಿದು ಅಪ್ಪನ ಸಮಕ್ಕೆ ಹೊಲಿದಳು. ಬೆರಳು ಚುಚ್ಚಿ ರಕ್ತ ಬಂದರೆ ಬಾಯಲ್ಲಿ ಚೀಪಿ ಮತ್ತೆ ಹೊಲಿದಳು. ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಯಿತು. ಅಪ್ಪ ಅಕ್ಕನ ತಲೆ ಸವರಿ, "ಚಿಂತಿ ಮಾಡಬ್ಯಾಡ," ಎಂದ. ನಿಜ ಹೇಳುತ್ತೇನೆ, ಆಗ ನನಗೂ ಎದೆ ಹಗುರಾಯಿತು. ಅವಳು ಹೋದರೆ ಹೋಗಲಿ, ನನ್ನ ತಪ್ಪು ಹೊಲಿಗೆಯೊಳಗೆ ಮುಚ್ಚಿಹೋಗಲಿ ಅನ್ನಿಸಿತು.

ನಮ್ಮ ಕಡೆ ಆ ವಾರ ಒಂದು ಹನಿ ಮಳೆ ಬಿದ್ದಿರಲಿಲ್ಲ. ಆದರೆ ಮೇಲಿನ ಸೀಮೆಯಲ್ಲಿ ಎಲ್ಲೋ ಜೋರು ಮಳೆಯಾಗಿತ್ತು. ಮಂಗಳವಾರ ಮುಂಜಾನೆ ಎದ್ದಾಗ ಹೊಳೆಯ ಸದ್ದೇ ಬೇರೆಯಾಗಿತ್ತು. ಕೆಂಪು ನೀರು, ನೊರೆ, ಬೇರು ಸಮೇತ ಬಂದ ಗಿಡಗಳು. ನಮ್ಮ ದಡದ ಹತ್ತಿರ ನೀರಲ್ಲಿ ಎಮ್ಮೆಯ ಬೆನ್ನಿನಂಥ ಒಂದು ಬಂಡೆ ಇತ್ತು. ಅದರ ಬೆನ್ನು ಮುಳುಗಿದರೆ ಹರಿಗೋಲು ಇಳಿಸಬಾರದು ಎಂಬುದು ಅಪ್ಪನ ಅಪ್ಪನ ಕಾಲದಿಂದ ಬಂದ ಕಟ್ಟಳೆ. ಅವತ್ತು ಆ ಬಂಡೆ ಎಲ್ಲಿತ್ತೆಂದು ಗುರುತು ಹಿಡಿಯಲೂ ಆಗಲಿಲ್ಲ. ನಾವು ಬಿತ್ತಿದ ಸೌತೆ ಬಳ್ಳಿಗಳೆಲ್ಲ ನೀರಿನ ಕೆಳಗೆ ಹೋಗಿದ್ದವು. ಹರಿಗೋಲು ಹರಿಯದಿದ್ದರೆ ಅಕ್ಕ ಸೋಮವಾರವೇ ಆಚೆ ದಡ ಸೇರಿರುತ್ತಿದ್ದಳು.

ಅಕ್ಕ ತೊಳೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿ, ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ದಡದಲ್ಲಿ ನಿಂತಿದ್ದಳು. ಬಿಸಿಲೇರುವ ಹೊತ್ತಿಗೆ ಆಚೆ ದಡದಲ್ಲಿ ಗಾಡಿ ಬಂದು ನಿಂತಿತು. ಅಕ್ಕೋರು ಇಳಿದರು. ಅಷ್ಟು ದೂರಕ್ಕೆ ಮುಖ ಕಾಣುತ್ತಿರಲಿಲ್ಲ, ಅವರ ಕಪ್ಪು ಕೊಡೆ ಕಾಣುತ್ತಿತ್ತು. ಅವರು ಏನೋ ಕೂಗಿದರು. ಹೊಳೆಯ ಆರ್ಭಟದಲ್ಲಿ ಒಂದಕ್ಷರವೂ ಕೇಳಲಿಲ್ಲ. ಅಕ್ಕ ಎರಡೂ ಕೈ ಎತ್ತಿ ಬೀಸಿದಳು. ಅಪ್ಪ ಹರಿಗೋಲನ್ನು ನೀರಂಚಿಗೆ ಒಯ್ದು ಇಳಿಸಿದ, ಮೊಣಕಾಲು ಮುಳುಗುವಷ್ಟರಲ್ಲಿ ಸೆಳವು ಅವನನ್ನೇ ಎಳೆಯಿತು. ಅವ್ವ ಚೀರಿ ಹಿಂದಕ್ಕೆ ಕರೆದಳು. ಅಕ್ಕೋರು ಬಹಳ ಹೊತ್ತು ನಿಂತರು. ಆಮೇಲೆ ಕೊಡೆ ಮಡಚಿ ಗಾಡಿ ಹತ್ತಿದರು. ಅಕ್ಕ ಎತ್ತಿದ ಕೈ ಇಳಿಸುವುದನ್ನೇ ಮರೆತು ನಿಂತಿದ್ದಳು.

ಹೊಳೆ ಇಳಿಯಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಕ್ಕೋರಿಗೆ ಬೀದರ ಕಡೆ ವರ್ಗವಾಗಿತ್ತು. ಮರುವರ್ಷ ಅಕ್ಕನ ಮದುವೆಯಾಗಿ ಅವಳು ಮಾನ್ವಿಗೆ ಹೋದಳು. ನಾನು ಯಾವುದನ್ನು ತಡೆಯಲು ಹೊರಟಿದ್ದೆನೋ ಅದು ಒಂದು ವರ್ಷ ತಡವಾಗಿ ಆಯಿತು, ಅಷ್ಟೇ. ಹೋಗುವಾಗ ಆ ತಗಡಿನ ಪೆಟ್ಟಿಗೆಯನ್ನು ನನಗೆ ಬಿಟ್ಟುಹೋದಳು. ಮುಂದೆ ನಿಜಾಮರ ಆಳ್ವಿಕೆ ಹೋಗಿ, ಆಚೆ ದಡದ ಹಳ್ಳಿಗೆ ಶಾಲೆ ಬಂತು. ಅಕ್ಕ ಮರಳಿನ ಮೇಲೆ ಬರೆಸಿದ್ದ ಅಕ್ಷರಗಳಿಂದಾಗಿ ನನ್ನನ್ನು ಒಮ್ಮೆಗೇ ಮೇಲಿನ ತರಗತಿಗೆ ಕೂರಿಸಿದರು. ಅದೇ ಪೆಟ್ಟಿಗೆ ಹಿಡಿದು ದೇವದುರ್ಗಕ್ಕೆ ಹೋದೆ, ರಾಯಚೂರಿಗೆ ಹೋದೆ, ಮಾಸ್ತರನಾದೆ. ಅವಳ ಜಾಗದಲ್ಲಿ ನಾನು ಕೂತೆ ಎಂದು ಅನ್ನಿಸದ ದಿನ ಇಲ್ಲ.

ಮಾನ್ವಿಯಲ್ಲಿ ಅಕ್ಕ ಹೊಲದ ಕೂಲಿಗೆ ಹೋದಳು, ಐದು ಮಕ್ಕಳನ್ನು ಸಾಕಿದಳು. ಕಿರಾಣಿ ಪೊಟ್ಟಣದ ಕಾಗದವನ್ನೂ ಬಿಡದೆ ಓದುತ್ತಿದ್ದಳು. ಓಣಿಯ ಹೆಂಗಸರೆಲ್ಲ ತಮಗೆ ಬಂದ ಪತ್ರ ಓದಿಸಲು ಅವಳ ಹತ್ತಿರವೇ ಬರುತ್ತಿದ್ದರು. ನಾನು ರಜೆಗೆ ಹೋದರೆ, "ಈ ವರ್ಷ ಹುಡುಗ್ರಿಗಿ ಏನು ಕಲಿಸಿದಿ, ನನಗೂ ಹೇಳು," ಎಂದು ಮುಂದೆ ಕೂರುತ್ತಿದ್ದಳು. ಮತ್ತೊಂದು ಅಭ್ಯಾಸ ಅವಳಿಗೆ ಅಂಟಿಕೊಂಡಿತ್ತು. ಮೂಟೆ ಕಟ್ಟಲಿ, ಆಕಳು ಕಟ್ಟಲಿ, ಬಾಗಿಲಿಗೆ ಚಿಲಕ ಹಾಕಲಿ, ಮೂರು ಸಲ ಜಗ್ಗಿ ನೋಡುತ್ತಿದ್ದಳು. ಯಾಕೆಂದು ಮಕ್ಕಳು ಕೇಳಿದರೆ ನಕ್ಕು, "ಎರಡು ಸಲ ಜಗ್ಗಿದ್ದು ನನ್ನ ಕೈಗಿ ಸಾಲಲಿಲ್ಲೇಳು," ಎಂದು ಹರಿಗೋಲಿನ ಕಥೆ ಹೇಳುತ್ತಿದ್ದಳು. ಆ ಕಥೆಯಲ್ಲಿ ತಪ್ಪು ಯಾವಾಗಲೂ ಅವಳದೇ. ನಾನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದೆ.

ಅವಳ ಕೊನೆಗಾಲದಲ್ಲಿ ಒಮ್ಮೆ ಹೇಳಿಯೇಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ಮಾನ್ವಿಗೆ ಹೋದೆ. ಹಾಸಿಗೆಯ ಪಕ್ಕ ಕೂತು, "ಯಕ್ಕಾ, ಆ ಗಂಟು..." ಎಂದೆ. ಅವಳು ನನ್ನ ಕೈ ಹಿಡಿದು, "ಅದ್ಯಾಕೀಗ ಬಿಡೋ, ಮುಗಿದು ಹೋದದ್ದು," ಎಂದಳು. ಅವಳೇ ಬೇಡ ಎಂದಳಲ್ಲ ಎಂದು ಬಸ್ಸಿನ ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಂದೆ. ಅದು ಸುಳ್ಳು ಸಮಾಧಾನ ಎಂದು ಆಗಲೂ ಗೊತ್ತಿತ್ತು. ಅವಳು ತೀರಿಕೊಂಡು ಎಂಟು ವರ್ಷವಾಯಿತು.

ಈಗ ನಮ್ಮ ಗಡ್ಡೆಗೆ ಸೇತುವೆಯಾಗಿದೆ. ಹುಣಸೆಮರ ಇಲ್ಲ. ಮನೆ ಮನೆಗೆ ಕರೆಂಟು ಬಂದಿದೆ, ಮೋಟಾರು ಸೈಕಲ್ಲುಗಳು ಗಡ್ಡೆಯ ಮೇಲೇ ಓಡಾಡುತ್ತವೆ. ಮೇಲಿನ ಡ್ಯಾಮಿನ ಬಾಗಿಲು ತೆಗೆಯುವ ಮುಂಚೆ ಎಲ್ಲರ ಮೊಬೈಲಿಗೂ ಸುದ್ದಿ ಬರುತ್ತದೆ. ನಾನು ಎರಡು ದಡದ ನಡುವೆ ಕೇಳದೆ ಹೋದ ಕೂಗಿನ ಬಗ್ಗೆ ಹೇಳಿದರೆ ನೀವು, "ಫೋನು ಮಾಡಬೇಕಿತ್ತಲ್ಲ ಅಜ್ಜಾ," ಎನ್ನುತ್ತೀರಿ. ಅಲ್ಲಿನ ಹೆಣ್ಣುಮಕ್ಕಳು ಮುಂಜಾನೆ ಚೀಲ ಹೆಗಲಿಗೇರಿಸಿಕೊಂಡು ಸೇತುವೆಯ ಮೇಲೆ ಹರಟುತ್ತ ಶಾಲೆಗೆ ಹೋಗುವುದನ್ನು ಕಳೆದ ಸಲ ಹೋದಾಗ ನೋಡಿದೆ. ಅವರು ಕೆಳಗಿನ ಹೊಳೆಯನ್ನು ತಿರುಗಿಯೂ ನೋಡಲಿಲ್ಲ. ನನಗೆ ಅದು ಬಹಳ ಇಷ್ಟವಾಯಿತು.

ಅಕ್ಕನ ಮೊಮ್ಮಗಳು ಈಗ ರಾಯಚೂರಿನ ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಾಳೆ, ನಿಮಗೆಲ್ಲ ಗೊತ್ತಲ್ಲ. ದಿನಾ ಬಸ್ಸು ಹಿಡಿದು ಯರಗೇರಾದ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಮುಂಜಾನೆ ಹೊರಡುವಾಗ ಚೀಲಕ್ಕೆ ಪುಸ್ತಕ ತುಂಬಿ ಜಿಪ್ಪು ಎಳೆದಳು. ಆಮೇಲೆ ಅದರ ತುದಿ ಹಿಡಿದು ಜಗ್ಗಿದಳು. ಒಂದು, ಎರಡು, ಮೂರು.

"ಮೂರು ಸಲ ಯಾಕವ್ವಾ?" ಎಂದೆ, ಗೊತ್ತಿಲ್ಲದವನ ಹಾಗೆ.

"ನಮ್ಮಜ್ಜಿ ಕಲಿಸ್ಯಾಳ ಅಜ್ಜಾ. ಆಕಿ ಸಣ್ಣಾಕಿದ್ದಾಗ ಗಂಟು ಸರಿ ಬಿಗೀಲಿಲ್ಲಂತ, ಸಾಲಿ ತಪ್ಪಿತಂತ. ನಮ್ಮನ್ಯಾಗ ಎಲ್ಲಾರೂ ಮೂರು ಸಲ ಜಗ್ತೀವಿ," ಎಂದು ನಗುತ್ತ ಓಡಿದಳು. ಬಸ್ಸಿಗೆ ಹೊತ್ತಾಗಿತ್ತು.

ಅವಳು ಹೋದ ಮೇಲೆ ಕೂತು ಇದನ್ನು ಬರೆದೆ. ಮಗಳೇ, ಕಾಲೇಜಿನಿಂದ ಬಂದಾಗ ಮೊದಲು ನೀನು ಓದು, ಆಮೇಲೆ ಉಳಿದ ಹುಡುಗರಿಗೆ ಓದಿ ಹೇಳು. ನಿಮ್ಮಜ್ಜಿ ಹಾಕಿದ ಗಂಟು ಗಟ್ಟಿಯಾಗಿಯೇ ಇತ್ತು. ಎರಡು ಸಲ ಜಗ್ಗುವುದನ್ನು ಅವಳಿಗೆ ಕಲಿಸಿದ್ದು ನಮ್ಮ ಅಪ್ಪ. ಮೂರನೆಯದನ್ನು ಕಲಿಸಿದವನು ನಾನು.